ಹೊಸ ಹಲಗೆಗೆ ಹಚ್ಚಿದ ಎಣ್ಣೆ

“ಏ ಪಂಪಿ, ರೊಟ್ಟಿ ಬಡಿಯೋದು ಬಿಟ್ಟು ಇಲ್ಲಿ ಕೇಳು. ನಾಳಿಂದ ಈ ಮನ್ಯಾಗ ನನಗ ಅಂಗಡಿ ಕಸ ಹೊಡೀರಿ, ನೀರು ತುಂಬ್ರಿ, ಎಮ್ಮಿಗೆ ಹಿಂಡಿ ಇಡ್ರಿ ಅಂತ ಯಾರೂ ಹೇಳಬಾರದು. ಎಮ್ಮಿ ಹಂತ್ಯಾಕ ಹೋಗೋ ಮನುಷ್ಯಾನೇ ಅಲ್ಲ ನಾನು. ಮೊದಲೂ ಹೋಗಿಲ್ಲ, ಇನ್ನ ಮ್ಯಾಲಂತೂ ಹೋಗಾಂಗಿಲ್ಲ. ಗೋಕರ್ಣದಾಗ ನಾ ಕಣ್ಣಾರೆ ನೋಡೀನಿ. ನನ್ನ ವಯಸ್ಸಿನವ್ರು, ನನಗಿಂತ ಹೊಟ್ಟಿ ದಪ್ಪ ಇದ್ದವ್ರು, ಒಂದೊಂದು ಹಲಗಿ ಮ್ಯಾಲೆ ಬೋರಲ ಮಲಕೊಂಡು ಎರಡೂ ಕೈಲೆ ನೀರು ಎಳಕೋತ ಸಮುದ್ರದಾಗ ಹೊಂಟಿದ್ರು. ಯಾಕಪ್ಪಾ ಇದು ಅಂತ ಕೇಳಿದೆ. ರೋಗಿಗಳ ಸಲುವಾಗಿ ಅಂತ. ಇವ್ರು ದಂಡಿ ಮುಟ್ಟಿದ್ರ ನೋಡೋ ಮಂದಿ ದವಾಖಾನಿಗೆ ದಾನ ಕೊಡ್ತಾರಂತ. ಅವರಿಗೆ ಸಮುದ್ರ ಇದ್ರ ನಮಗ ಕೆರಿ ಇಲ್ಲೇನು? ಅವರಿಗೆ ತೋಳು ಅದಾವು, ನನಗೇನು ಬದನಿಕಾಯಿ ಅದಾವೇನು? ಹುಟ್ಟಿದಾಗಿಂದ ಜ್ವಾಳದ ಚೀಲ ಎತ್ತಿದ ತೋಳು ಇವು. ಜಿಲಾನಿ ಆಟೋದಾಗ ಜೋತಾಡಿಕೋತ ಲಿಂಗಸುಗೂರಿಗೆ ಹೋಗೋದು ಇನ್ನ ಬಂದ್. ಆದಪ್ಪನ ಬಿಳಿ ವ್ಯಾನಿನ ಕೀಲಿ ತಂದು ಅವನ ಕೈಯಾಗ ಇಡಲಿಲ್ಲಂದ್ರ ನನ್ನ ಹೆಸರು ಜಂಬಣ್ಣ ಅಲ್ಲ. ತಿಳೀತೇನು?”

ಪಂಪಮ್ಮನಿಗೆ ತಿಳಿದದ್ದು ಇಷ್ಟೇ: ಹಂಚಿನ ಮೇಲಿನ ರೊಟ್ಟಿ ಹೊತ್ತಿಹೋಗಿತ್ತು.

ಆಕೆ ಗಂಡನನ್ನು ನೋಡಿದಳು. ಐವತ್ತು ದಾಟಿದ ದೇಹ. ಮೂಗಿಗಿಂತ ಮೊದಲು ಬಾಗಿಲು ದಾಟುವ ಹೊಟ್ಟೆ. ಸಂತೆಕಲ್ಲೂರಿನ ಬಸ್‌ಸ್ಟ್ಯಾಂಡಿನ ಎದುರು ಅಪ್ಪನ ಕಾಲದಿಂದ ನಡೆದುಬಂದ ಕಿರಾಣಿ ಅಂಗಡಿಯ ಯಜಮಾನ. ನೀರಿನೊಂದಿಗೆ ಈತನ ಸಂಬಂಧ ಬಕೆಟ್ಟು ಮತ್ತು ಚೊಂಬಿಗೆ ಮುಗಿದಿತ್ತು, ಈಜಂತೂ ಬಾರದು. ಇಂಥವನು ತುಂಬಿದ ಕೆರೆಯನ್ನು ಹಲಗೆಯ ಮೇಲೆ ಮಲಗಿ ದಾಟುತ್ತಾನಂತೆ! ಬೇರೆ ಯಾವ ಕಾರಣಕ್ಕಾದರೂ ಆಕೆ ಚಪಾತಿ ಲಟ್ಟಿಸುವ ಲತ್ತಿಗುಣಿ ತೋರಿಸಿಯೇ ಸುಮ್ಮನಾಗಿಸುತ್ತಿದ್ದಳು. ಆದರೆ ಜಿಲಾನಿಸಾಬರ ಹೆಸರು ಬಂದಮೇಲೆ ಆಕೆ ಹೊತ್ತಿದ ರೊಟ್ಟಿ ತೆಗೆದಿಟ್ಟು ಇನ್ನೊಂದನ್ನು ಬಡಿಯತೊಡಗಿದಳು.

ಜಿಲಾನಿಸಾಬ್ ಜಂಬಣ್ಣನ ಅಂಗಡಿಯ ಎದುರಿನ ದರ್ಜಿ. ಇಬ್ಬರೂ ಒಂದೇ ಗೋಲಿಗುಂಡಿಗೆ ಜಗಳಾಡಿ ಬೆಳೆದವರು. ಮೂತ್ರಪಿಂಡ ಕೈಕೊಟ್ಟಮೇಲೆ ಸಾಬರು ವಾರಕ್ಕೆರಡು ಸಲ ಲಿಂಗಸುಗೂರಿಗೆ ಹೋಗಿ ರಕ್ತ ಸೋಸಿಸಿಕೊಂಡು ಬರಬೇಕು. ಹೋಗುವಾಗ ಹೇಗೋ ಹೋಗುತ್ತಿದ್ದರು. ಬರುವಾಗ ಮೈಯಲ್ಲಿ ಸತ್ವ ಇರುತ್ತಿರಲಿಲ್ಲ. ಆಟೋದಲ್ಲಿ ಸಂತೆಯ ಮಂದಿ, ಚೀಲ, ಒಮ್ಮೊಮ್ಮೆ ಒಂದು ಆಡು. ಅವುಗಳ ನಡುವೆ ಗಂಡನ ತಲೆಯನ್ನು ಹೆಗಲ ಮೇಲೆ ಹಿಡಿದುಕೊಂಡು ಗುಲ್ಷನ್‌ಬೀ ಅರ್ಧ ಕುಂಡೆ ಊರಿ ಕೂತಿರುತ್ತಿದ್ದಳು. ಹೋದ ತಿಂಗಳು ಆಟೋದಿಂದ ಇಳಿದವರೇ ಸಾಬರು ಜಂಬಣ್ಣನ ಅಂಗಡಿಯ ಜೋಳದ ಚೀಲದ ಮೇಲೆ ಕುಸಿದು ಸಂಜೆಯವರೆಗೆ ಏಳಲಿಲ್ಲ. ಅವತ್ತು ಜಂಬಣ್ಣ ಮನೆಗೆ ಬಂದು ಮಾತಾಡದೆ ಉಂಡ. ಮದುವೆಯಾದಾಗಿನಿಂದ ಆತ ಮಾತಾಡದೆ ಉಂಡದ್ದು ಪಂಪಮ್ಮ ನೋಡಿರಲಿಲ್ಲ.

ಇನ್ನು ಆದಪ್ಪ. ಸಾಲಗುಂದದ ಕಡೆ ಕಾಲುವೆ ನೀರಿನ ಗದ್ದೆ, ಊರಲ್ಲಿ ದೊಡ್ಡ ಮನೆ. ಮನೆಯ ಹಿಂದೆ ಒಂದು ಬಿಳಿ ವ್ಯಾನು. ದೊಡ್ಡ ಕಾರು ಬಂದಮೇಲೆ ವ್ಯಾನಿನ ಒಳಗೆ ಆದಪ್ಪನ ತಾಯಿ ಗ್ಯಾನಮ್ಮನ ಕೋಳಿಗಳು ಸಂಸಾರ ಹೂಡಿದ್ದವು. ಆಸ್ಪತ್ರೆಗೆ ಹೋಗುವವರಿಗೆ ಆ ವ್ಯಾನು ಬಿಟ್ಟುಕೊಡಪ್ಪಾ ಎಂದು ಜಂಬಣ್ಣ ಎಷ್ಟು ಸಲ ಕೇಳಿದ್ದನೋ. ಆದಪ್ಪ ಕೆಟ್ಟವನಲ್ಲ. ಸುಮ್ಮನೆ ಕೇಳಿದರೆ ಕೊಡದ, ತಮಾಷೆ ಇದ್ದರೆ ಎರಡು ಪಟ್ಟು ಕೊಡುವ ಜಾತಿ. ಚಹಾದಂಗಡಿಯಲ್ಲಿ ಜಂಬಣ್ಣ ಗೋಕರ್ಣದ ಕತೆ ಶುರುಮಾಡಿದಾಗ ಆತ ಬಸಿಯಲ್ಲಿದ್ದ ಚಹಾ ಸೊರ್ರೆಂದು ಕುಡಿದು, ಎಲ್ಲರೆದುರಿಗೆ ಪಂದ್ಯ ಕಟ್ಟಿಯೇಬಿಟ್ಟ:

“ನಮ್ಮ ಊರ ದಂಡಿಯಿಂದ ಹನುಮಪ್ಪನ ಗುಡಿ ದಂಡಿತನ ಹಲಗಿ ಮ್ಯಾಲೆ ದಾಟಬೇಕು. ನಡುವ ಕಾಲು ನೆಲಕ್ಕ ಹತ್ತಬಾರದು. ಹಗ್ಗ ಹಾಕಿ ಯಾರೂ ಎಳೀಬಾರದು. ನರಮನುಷ್ಯಾ ಯಾರೂ ನೂಕಬಾರದು. ದಾಟಿದಿ ಅಂದ್ರ ವ್ಯಾನ್ ಜಿಲಾನಿದು. ದಾಟಲಿಲ್ಲಂದ್ರ ಕೋಳಿದು.”

ಹೀಗೆ ಒಂದು ಕಡೆ ಜಿಲಾನಿಸಾಬರು, ಒಂದು ಕಡೆ ಕೋಳಿಗಳು, ನಡುವೆ ಕೆರೆ. ಜಂಬಣ್ಣನ ತಪಸ್ಸು ಆರಂಭವಾಯಿತು.

ಮೊದಲು ಹಲಗೆ ಆಗಬೇಕಲ್ಲ. ಗದ್ದೆಯ ಕೆಸರು ಸಮ ಮಾಡುವ ಹಲಗೆಯನ್ನೇ ಒಯ್ಯಿ, ಅದರ ಮೇಲೆ ನಮ್ಮ ಆಳುಗಳು ನಿಂತುಕೊಂಡೇ ಹೋಗುತ್ತಾರೆ ಎಂದು ಆದಪ್ಪ ನಕ್ಕಿದ್ದ. ಜಂಬಣ್ಣ ಒಪ್ಪಲಿಲ್ಲ. ಬಡಿಗೇರ ಮೋನಪ್ಪನ ಮನೆಗೆ ಹೋಗಿ ಫೋನಿನಲ್ಲಿ ಸಮುದ್ರದ ಹಲಗೆಯ ಚಿತ್ರ ತೋರಿಸಿದ. ಮೋನಪ್ಪ ಜೀವಮಾನವೆಲ್ಲ ಬಾಗಿಲು, ತೊಟ್ಟಿಲು, ಕುಂಟೆ ಮಾಡಿದವನು. ಎರಡು ತೆಳು ಹಲಗೆಗಳ ನಡುವೆ ಥರ್ಮಾಕೋಲು ತುಂಬಿ, ಅಂಚಿಗೆ ಡಾಂಬರು ಬಳಿದು, ಮುಂದಿನ ಮೂತಿಯನ್ನು ಸ್ವಲ್ಪ ಮೇಲಕ್ಕೆತ್ತಿ ಒಂದು ವಸ್ತು ತಯಾರಿಸಿಕೊಟ್ಟ. ನೋಡಿದರೆ ತೊಟ್ಟಿಲಿಗೂ ಬಾಗಿಲಿಗೂ ಹುಟ್ಟಿದ ಕೂಸಿನಂತಿತ್ತು. ಕೈ ಜಾರಬಾರದೆಂದು ಮೇಲ್ಭಾಗಕ್ಕೆ ಮಾತ್ರ ಉಜ್ಜುಗೊರಡು ಹೊಡೆಯದೆ ಒರಟಾಗಿಯೇ ಬಿಟ್ಟಿದ್ದ.

ಹಲಗೆ ಒಣಗುವವರೆಗೆ ತಾಲೀಮು ನೆಲದ ಮೇಲೆ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಲ್ಲಿ ಜಂಬಣ್ಣ ಜೋಳದ ಚೀಲಗಳ ಮೇಲೆ ಬೋರಲು ಮಲಗಿ ಎರಡೂ ಕೈ ಬೀಸುತ್ತಿದ್ದ. ಸಕ್ಕರೆಗೆಂದು ಬಂದ ಓಣಿಯ ಮಾಸುಂಬಿ, ಯಜಮಾನರು ಚೀಲದ ಮೇಲೆ ಬಿದ್ದು ಕೈಕಾಲು ಬಡಿಯುತ್ತಿರುವುದನ್ನು ನೋಡಿದಳು. ಮೂರ್ಛೆರೋಗವೇ ಸರಿ! ಧೈರ್ಯದ ಹೆಂಗಸು. ತನ್ನ ಸೊಂಟದ ಕೀಲಿಗೊಂಚಲು ಅವನ ಮುಷ್ಟಿಗೆ ತುರುಕಿ, ಕಾಲಿನ ಚಪ್ಪಲಿ ತೆಗೆದು ಮೂಗಿಗೆ ಹಿಡಿದಳು. ಜಂಬಣ್ಣ ಬೇಡ ಎನ್ನಲು ಬಾಯಿ ತೆರೆದಷ್ಟೂ ಚಪ್ಪಲಿ ಹತ್ತಿರ ಬಂತು. ಅವತ್ತಿನಿಂದ ತಾಲೀಮು ಅಂಗಡಿಯಿಂದ ಮನೆಯ ಮಾಳಿಗೆಗೆ ಬದಲಾಯಿತು.

ಮಾಳಿಗೆಯ ಮೇಲೆ ಪಂಪಮ್ಮ ಜೋಳ ಒಣಹಾಕಿದ್ದಳು. ಹೇಗೂ ಕೈ ಬೀಸುತ್ತೀರಿ, ಕಾಳಿನಲ್ಲೇ ಬೀಸಿ, ತಿರುವಿದಂತೆಯೂ ಆಗುತ್ತದೆ ಎಂದಳು. ಜಂಬಣ್ಣ ಜೋಳದ ಸಮುದ್ರವನ್ನು ಆ ಗೋಡೆಯಿಂದ ಈ ಗೋಡೆಗೆ ಅದ್ಭುತವಾಗಿ ದಾಟಿದ. ತೊಗರಿಯನ್ನೂ ದಾಟಿದ. ಹುಮ್ಮಸ್ಸಿನಲ್ಲಿ ಮರುದಿನ ಕೆಂಪು ಮೆಣಸಿನಕಾಯಿಗೂ ಇಳಿದ. ಆಕೆ ಕೆಳಗಿನಿಂದ ಬೇಡವೆಂದು ಕೂಗುವಷ್ಟರಲ್ಲಿ ಬೆವರು ಬಂತೆಂದು ಆತ ಕಣ್ಣು ಒರೆಸಿಕೊಂಡಿದ್ದ. ಆ ದಿನ ಅವನ ಕಣ್ಣಿನಿಂದ ಹರಿದ ನೀರು ಹೊರಗೆ ಹೋಗದಂತೆ ಕಟ್ಟೆ ಹಾಕಿದ್ದರೆ ಹಲಗೆಯನ್ನು ಮನೆಯಲ್ಲೇ ತೇಲಿಸಬಹುದಿತ್ತು.

ಕೊನೆಗೆ ನಿಜವಾದ ನೀರು. ಕುರಿ ಕಾಯುವ ಮಾಳಿಂಗರಾಯನ ಹೊಲದಲ್ಲಿ ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡ ಇತ್ತು. ಮಾಳಿಂಗರಾಯ ಮೀನಿನ ಹಾಗೆ ಈಜುವವನು. ಜಂಬಣ್ಣನ ಸೊಂಟಕ್ಕೆ ಹಗ್ಗ ಕಟ್ಟಿ ದಡದಲ್ಲಿ ಕೂರುತ್ತಿದ್ದ; ಮುಳುಗಿದಾಗೊಮ್ಮೆ ಬಾವಿಯಿಂದ ಕೊಡ ಸೇದಿದ ಹಾಗೆ ಸೇದಿ ಮೇಲಕ್ಕೆ ಹಾಕುತ್ತಿದ್ದ. ಎಷ್ಟೋ ಸಲ ಸೇದಿದಮೇಲೆ ಒಂದು ದಿನ ಸೇದುವ ಕೆಲಸವೇ ಬರಲಿಲ್ಲ. ಹಲಗೆ ನೀರಿನ ಮೇಲೆ, ಜಂಬಣ್ಣ ಹಲಗೆಯ ಮೇಲೆ! ಹೊಂಡದ ಉದ್ದಕ್ಕೂ ಹೋಗಿ ಬಂದ. ಹಲಗೆ ಇನ್ನೂ ಬಿಗಿಯಾಗಿ ಮೈ ಹಿಡಿಯಲೆಂದು, ಫೋನಿನಲ್ಲಿ ಯಾರೋ ಹೇಳಿದಂತೆ ಅದರ ಮೇಲ್ಭಾಗಕ್ಕೆಲ್ಲ ಮೇಣದಬತ್ತಿ ತಿಕ್ಕಿದ. ಈ ಒಂದು ವಿಷಯವನ್ನು, ಎಲ್ಲವನ್ನೂ ಹೇಳುವ ಮನುಷ್ಯ, ಹೆಂಡತಿಗೆ ಹೇಳಲಿಲ್ಲ.

ಜಿಲಾನಿಸಾಬರಿಗೆ ಮಾತ್ರ ಮೊದಲಿನಿಂದ ಈ ಪಂದ್ಯ ಬೇಡವಾಗಿತ್ತು. ತನ್ನ ಸಲುವಾಗಿ ಗೆಳೆಯ ನೀರುಪಾಲಾದರೆ ಎಂಬ ಭಯ. ಬೇಡವೆಂದು ಹೇಳಿ ಹೇಳಿ ಸಾಕಾಗಿ, ಹೊಲಿಗೆ ಯಂತ್ರದ ಮುಂದೆ ಕೂತು ಒಂದು ಜಾಕೀಟು ಹೊಲಿದರು. ಮುಂದೆ, ಹಿಂದೆ, ಕಂಕುಳ ಕೆಳಗೆ, ಎಲ್ಲೆಲ್ಲೂ ಜೇಬು. ಒಂದೊಂದು ಜೇಬಿನಲ್ಲೂ ಮುಚ್ಚಳ ಬಿಗಿದ ಖಾಲಿ ನೀರಿನ ಬಾಟಲಿ. ತೊಡಿಸಿ, ಗುಂಡಿ ಹಾಕಿ, ದರ್ಜಿಯ ಅಭ್ಯಾಸದಂತೆ ಭುಜ ಎಳೆದು ನೋಡಿ ಹೇಳಿದರು:

“ದೋಸ್ತಾ, ವ್ಯಾನ್ ಬರದಿದ್ರೂ ನಡೀತೈತಿ. ನನಗ ಆಟೋ ರೂಢಿ ಆಗೈತಿ. ನೀ ಇಲ್ಲದ್ದು ರೂಢಿ ಆಗಾಂಗಿಲ್ಲ.”

ಜಂಬಣ್ಣ ಕಂಕುಳಲ್ಲಿ ಬಾಟಲಿ ಕಿರ್ರೆನ್ನಿಸುತ್ತ, ತೋಳು ಸ್ವಲ್ಪ ಬಿಗಿ ಆಯಿತು ಎಂದಷ್ಟೇ ಹೇಳಿ ಆಚೆ ನೋಡಿದ.

ಪಂದ್ಯದ ಹಿಂದಿನ ಸಂಜೆ ಪಂಪಮ್ಮನ ಎದೆಯಲ್ಲಿ ಒನಕೆ ಕುಟ್ಟುತ್ತಿತ್ತು. ಹಗಲೆಲ್ಲ ನಗುತ್ತ ಓಡಾಡಿದವಳು ಹಿತ್ತಲಿಗೆ ಹೋಗಿ ಗೋಡೆಗೊರಗಿಸಿದ ಹಲಗೆಯನ್ನು ನೋಡಿದಳು. ನಾಳೆ ತನ್ನ ಗಂಡನನ್ನು ಹೊರುವುದು ಇದೇ. ಅದರ ಮೈಮೇಲೆಲ್ಲ ಬೆಳ್ಳಗೆ ಏನೋ ಮೆತ್ತಿದೆ! ಕಾಗೆಯೋ ಪಾರಿವಾಳವೋ ಮಾಡಿದ ಕೆಲಸವಿರಬೇಕು ಎಂದುಕೊಂಡಳು. ಇಂಥ ಹೊಲಸನ್ನು ಇಟ್ಟುಕೊಂಡು ಒಳ್ಳೆಯ ಕೆಲಸಕ್ಕೆ ಹೋಗುವುದೇ? ಕುದಿಯುವ ನೀರು ಸುರಿದು, ಸೀಗೆಪುಡಿ ಹಾಕಿ, ತೆಂಗಿನ ನಾರಿನಿಂದ ಗಸಗಸ ತಿಕ್ಕಿ, ಮೇಣದ ಹೆಸರು ಉಳಿಯದಂತೆ ತೊಳೆದಳು.

ತೊಳೆದಮೇಲೆ ಕಟ್ಟಿಗೆ ಒಣಒಣ ಕಂಡಿತು. ಅವರ ಮನೆತನದಲ್ಲಿ ಹೊಸ ಕಟ್ಟಿಗೆಯ ಸಾಮಾನು ಏನೇ ಬರಲಿ, ಬಂಡಿ, ಕುಂಟೆ, ತೊಟ್ಟಿಲು, ಕೊನೆಗೆ ರೊಟ್ಟಿಹಿಟ್ಟು ನಾದುವ ಮರಿಗೆಯೇ ಆಗಲಿ, ಎಣ್ಣೆ ಕುಡಿಸದೆ ಕೆಲಸಕ್ಕೆ ಹಚ್ಚುವ ಪದ್ಧತಿ ಇಲ್ಲ. ಎಣ್ಣೆ ಕುಡಿದ ಕಟ್ಟಿಗೆ ಸೀಳುವುದಿಲ್ಲ, ನೀರು ಹೀರುವುದಿಲ್ಲ, ಮಾಡಿದವರನ್ನು ಮರೆಯುವುದಿಲ್ಲ ಎಂದು ಅತ್ತೆ ಹೇಳುತ್ತಿದ್ದಳು. ಪಂಪಮ್ಮ ಗಾಣದ ಶೇಂಗಾ ಎಣ್ಣೆಯ ಡಬ್ಬಿ ತಂದಳು. ಮೇಲಿನ ತಿಳಿ ಎಣ್ಣೆ ಒಗ್ಗರಣೆಗೆ ಇರಲಿ ಎಂದು ತಳದ ಮಡ್ಡಿಯನ್ನು ಕೈತುಂಬ ತೆಗೆದು, ಎಳೆಗೂಸಿಗೆ ಹಚ್ಚುವಂತೆ, ಹಿಂದೆ ಮುಂದೆ ಮೂಲೆ ಸಂದಿ ಬಿಡದೆ ಹಚ್ಚಿದಳು. ಒಂದು ಸಲ ಕುಡಿಯಿತು. ಎರಡನೆಯ ಸಲ ಕುಡಿಯಿತು. ಮೂರನೆಯ ಸಲ ಹಲಗೆ ಸಾಕೆಂದಿತು, ಆಕೆ ಸಾಕೆನ್ನಲಿಲ್ಲ. ಆಮೇಲೆ ಮೂತಿಗೆ ಅರಿಶಿಣ ಕುಂಕುಮ ಇಟ್ಟು, ಕಾಯಿ ಒಡೆದು, ಅದರ ಮೇಲೆ ಕೈಯಿಟ್ಟು ಬೇಡಿಕೊಂಡಳು:

“ನಮ್ಮವ್ವಾ, ಒಯ್ದಂಗ ತಂದುಬಿಡು. ಮತ್ತೇನೂ ಕೇಳಾಂಗಿಲ್ಲ.”

ಬೆಳಗಾಯಿತು. ಮನೆಯ ತುಂಬ ಮಂದಿ, ಒಲೆಯ ತುಂಬ ಚಹಾ. ಮಾಳಿಂಗರಾಯ ಹಲಗೆಯನ್ನು ಗೋಣಿತಟ್ಟಿನಲ್ಲಿ ಸುತ್ತಿ ಹೊತ್ತುಕೊಂಡು ನಡೆದ. ಜಂಬಣ್ಣ ಜಾಕೀಟು ತೊಟ್ಟು ಹಿಂದೆ ನಡೆದ. ಹೆಜ್ಜೆಗೊಮ್ಮೆ ಬಾಟಲಿಗಳು ಕಿರುಗುಟ್ಟಿದವು. ಪಂಪಮ್ಮ ಆರತಿ ತಟ್ಟೆ ಹಿಡಿದು ಓಡಿದಳು. ಈ ಗದ್ದಲದಲ್ಲಿ ಆಕೆ ಎಮ್ಮೆಯ ಹಾಲನ್ನೇನೋ ಹಿಂಡಿಕೊಂಡಿದ್ದಳು. ಹಿಂಡಿ ಇಡುವುದನ್ನು ಮರೆತಿದ್ದಳು. ಲಚ್ಚಿ ಎಂಬ ಆ ಎಮ್ಮೆಗೆ ಹಾಲು ಕೊಟ್ಟಮೇಲೆ ಶೇಂಗಾ ಹಿಂಡಿ ಸಿಗಬೇಕು. ಅದು ಲಚ್ಚಿಯ ಧರ್ಮ. ಹಿಂದೆಂದೂ ತಪ್ಪದ ಹಿಂಡಿ ಅವತ್ತು ತಪ್ಪಿತು.

ಕೆರೆಯ ಏರಿಯ ಮೇಲೆ ಅರ್ಧ ಊರು ನಿಂತಿತ್ತು. ಗ್ಯಾನಮ್ಮ ಮರದ ನೆರಳಲ್ಲಿ ಕೂತಿದ್ದಳು, ತನ್ನ ಕೋಳಿಗಳ ಭವಿಷ್ಯ ತಿಳಿಯಲು. ಆದಪ್ಪ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತಿದ್ದ. ಜಿಲಾನಿಸಾಬರು ಕೊಡೆ ಹಿಡಿದು ಕುರ್ಚಿಯಲ್ಲಿ, ಗುಲ್ಷನ್‌ಬೀ ಪಕ್ಕದಲ್ಲಿ. ಹಲಗೆಯನ್ನು ನೀರಿಗಿಟ್ಟರು. ಜಂಬಣ್ಣ ಹನುಮಪ್ಪನ ಗುಡಿಯ ದಿಕ್ಕಿಗೆ ಕೈಮುಗಿದು, ನಾಲ್ಕೂ ದಿಕ್ಕಿನ ಜನರಿಗೆ ಕೈಬೀಸಿ, ಗಂಭೀರವಾಗಿ ಹಲಗೆಯ ಮೇಲೆ ಬೋರಲು ಮಲಗಿದ. ಮಲಗಿದ ಎನ್ನುವುದು ತಪ್ಪು. ಹಿಂದಿನಿಂದ ಹತ್ತಿ ಮುಂದಿನಿಂದ ಇಳಿದ. ಬೆಣ್ಣೆ ಹಚ್ಚಿದ ಹಂಚಿನಿಂದ ದೋಸೆ ಜಾರಿದ ಹಾಗೆ ಜಾರಿ, ಮೊಣಕಾಲುದ್ದ ನೀರಿನಲ್ಲಿ ಮುಖ ಕೆಳಗಾಗಿ ನಾಟಿಕೊಂಡ.

ಎದ್ದು, ಅಂಗೈ ಮೂಸಿ, ಹಲಗೆ ಮೂಸಿ, ಏರಿಯ ಕಡೆ ತಿರುಗಿದ.

“ಇದಕ್ಕ ಎಣ್ಣಿ ಯಾರು ಹಚ್ಚಿದ್ರು?”

“ನಾನ ಹಚ್ಚೀನಿ” ಎಂದಳು ಪಂಪಮ್ಮ. “ಹೊಸಾ ಕಟಿಗಿ. ಹಂಗ ಬಿಡಾಕ ಬರ್ತದೇನ್ರೀ?”

“ಅದರ ಮ್ಯಾಲೆ ಮೇಣ ಇತ್ತಲ್ಲಾ?”

“ಮೇಣ ಅದು? ನಾ ಕಾಗಿ ಹೊಲಸು ಅಂದ್ಕೊಂಡು ಸೀಗಿಪುಡಿ ಹಾಕಿ ತಿಕ್ಕೀನಿ.”

ಜಂಬಣ್ಣ ಆಕಾಶ ನೋಡಿದ. ಅಲ್ಲಿ ಕಾಗೆಯೊಂದು ಹಾರಿಹೋಯಿತು. ಆದಪ್ಪ ಹೊಟ್ಟೆ ಹಿಡಿದು ನಕ್ಕು, ಇದು ದಂಡೆಯಲ್ಲಿ ಆದದ್ದು, ಲೆಕ್ಕಕ್ಕಿಲ್ಲ, ಮತ್ತೆ ಶುರುಮಾಡು ಎಂದು ದೊಡ್ಡ ಮನಸ್ಸು ತೋರಿಸಿದ. ಮಾಳಿಂಗರಾಯ ತನ್ನ ಹೆಗಲ ಕಂಬಳಿಯನ್ನು ಹಲಗೆಗೆ ಹಾಸಿದ. ಉಣ್ಣೆ ಮೈ ಹಿಡಿಯಿತು. ಜಂಬಣ್ಣ ಮಲಗಿದ, ಕೈ ಬೀಸಿದ, ಹಲಗೆ ಹೊರಟೇಬಿಟ್ಟಿತು. ಜೋಳ ದಾಟಿದ ಕೈಗಳು, ತೊಗರಿ ದಾಟಿದ ಕೈಗಳು! ಏರಿಯ ಮೇಲೆ ಸಿಳ್ಳೆ ಬಿದ್ದವು. ಗುಲ್ಷನ್‌ಬೀ ಪಂಪಮ್ಮನ ಕೈ ಹಿಡಿದುಕೊಂಡಳು.

ನಡುಗೆರೆಯವರೆಗೆ ಎಲ್ಲ ಚೆನ್ನಾಗಿತ್ತು. ಅಲ್ಲಿಗೆ ಕಂಬಳಿ ಬೇಕಾದಷ್ಟು ನೀರು ಕುಡಿದು ಭಾರವಾಗಿ, ಎಣ್ಣೆಯ ಮೇಲೆ ಮೆಲ್ಲಗೆ, ಯಾವ ಆತುರವೂ ಇಲ್ಲದೆ, ಒಂದು ಪಕ್ಕಕ್ಕೆ ಸರಿಯತೊಡಗಿತು. ಅದರ ಮೇಲಿದ್ದ ಜಂಬಣ್ಣನೂ ಸರಿದ. ಬುಳಕ್ಕೆಂದಿತು. ಕಂಬಳಿ ತಳ ಸೇರಿತು. ಜಂಬಣ್ಣನನ್ನು ಬಾಟಲಿಗಳು ಮೇಲಕ್ಕೆತ್ತಿದವು. ಆತ ಎರಡೂ ಕೈಯಿಂದ ಹಲಗೆಯ ಹಿಂದಂಚು ಹಿಡಿದು ಕತ್ತಿನವರೆಗೆ ಮುಳುಗಿ ತೂಗಾಡುತ್ತ ಉಳಿದ. ಹತ್ತಲು ಹೋದರೆ ಜಾರುತ್ತದೆ, ಬಿಟ್ಟರೆ ಈಜು ಬಾರದು. ಮಾಳಿಂಗರಾಯ ಅಂಗಿ ಕಳಚಿ ನೀರಿಗೆ ಇಳಿದ. ಅಲ್ಲಿಂದ ಜಂಬಣ್ಣ ಕೂಗಿದ್ದು ಎಲ್ಲರಿಗೂ ಕೇಳಿತು: ಮುಟ್ಟಬೇಡ, ಮುಟ್ಟಿದರೆ ವ್ಯಾನು ಹೋಗುತ್ತದೆ!

ಪಂಪಮ್ಮನ ಕೈಯಿಂದ ಆರತಿ ತಟ್ಟೆ ಬಿತ್ತು. ಅವಳಿಗೆ ವ್ಯಾನೂ ಕಾಣಲಿಲ್ಲ, ಊರೂ ಕಾಣಲಿಲ್ಲ. ನೀರಿನ ಮೇಲೆ ಒಂದು ತಲೆ ಮಾತ್ರ ಕಾಣುತ್ತಿತ್ತು, ಅದರಲ್ಲಿ ತಾನೇ ಎಣ್ಣೆ ಹಚ್ಚಿ ಬಾಚಿದ ಕೂದಲು.

“ಮಾಳಿಂಗಾ, ವ್ಯಾನ್ ಕೋಳಿಗೇ ಇರಲಿ. ಎಳಕೊಂಡು ಬಾರಪ್ಪಾ” ಎಂದಳು. ಜಿಲಾನಿಸಾಬರು ಕೊಡೆ ಬಿಸುಟು ಎದ್ದು ನಿಂತು ಅದನ್ನೇ ಹೇಳುತ್ತಿದ್ದರು.

ಆಗ ಏರಿಯ ಮೇಲಿನ ಜನ ಎರಡು ಪಾಲಾಯಿತು. ನಡುವಿನಿಂದ, ಕಿತ್ತ ಗೂಟವನ್ನು ಹಗ್ಗದಲ್ಲಿ ಎಳೆಯುತ್ತ, ಹಸಿದು ಸಿಟ್ಟಿಗೆದ್ದ ಲಚ್ಚಿ ಬಂದಳು. ತನ್ನ ಹಿಂಡಿಯನ್ನು ಹುಡುಕಿಕೊಂಡು ಮನೆಯಿಂದ ಹೊರಟವಳು. ಒಂದು ಗಳಿಗೆ ನಿಂತು ಮೂಗು ಎತ್ತಿ ಗಾಳಿ ಹಿಡಿದಳು. ಕೆರೆಯ ಕಡೆಯಿಂದ ಗಮಗಮ ಶೇಂಗಾ ಮಡ್ಡಿಯ ವಾಸನೆ. ಮಾಳಿಂಗರಾಯನನ್ನು ದಾಟಿ ನೀರಿಗೆ ಇಳಿದವಳೇ, ಮೂಗು ಕೊಂಬು ಎರಡೇ ಮೇಲಿಟ್ಟುಕೊಂಡು, ನೆಟ್ಟಗೆ ಹಲಗೆಯ ಕಡೆ ಈಜಿದಳು.

ಜಂಬಣ್ಣ ಹಿಂತಿರುಗಿ ನೋಡಿದ. ಒಂದು ದಿನವೂ ತಾನು ಹತ್ತಿರ ಹೋಗದ ಎಮ್ಮೆ ಎರಡು ಕೊಂಬು ಮುಂದಿಟ್ಟು ತನ್ನ ಕಡೆಗೇ ಬರುತ್ತಿದೆ! ಕೃಷಿಹೊಂಡದಲ್ಲಿ ಕಲಿಯದ ವಿದ್ಯೆ ಆ ಕ್ಷಣ ಬಂತು. ನೀರಿನಿಂದ ಮೊಲದಂತೆ ಜಿಗಿದು ಹಲಗೆಯ ಮೇಲೆ ಬಿದ್ದು, ಅಂಚುಗಳನ್ನು ಮೊಣಕಾಲಿನಿಂದ ಅವುಚಿಕೊಂಡ. ಲಚ್ಚಿ ಹಿಂದಿನಿಂದ ಬಂದು ಹಲಗೆಗೆ ನಾಲಿಗೆ ಹಚ್ಚಿದಳು. ಎಮ್ಮೆಯ ನಾಲಿಗೆ ಎಂದರೆ ಉಜ್ಜುಕಾಗದ. ಒಂದೊಂದು ನೆಕ್ಕಿಗೂ ಎಣ್ಣೆ ಹೋಗಿ ಮೋನಪ್ಪ ಬಿಟ್ಟ ಒರಟು ಮೈ ಮೇಲೆ ಬಂತು. ಜಂಬಣ್ಣನ ಹಿಡಿತ ಬಿಗಿಯಾಯಿತು. ನೆಕ್ಕುವ ಭರಕ್ಕೆ ಹಲಗೆ ಮುಂದೆ ಹೋಯಿತು. ಮುಂದೆ ಹೋದ ಹಲಗೆಯನ್ನು ಲಚ್ಚಿ ಬಿಡಲಿಲ್ಲ. ಮೇಲಿದ್ದ ಮನುಷ್ಯ, ಹಿಂದೆ ಬಿಸಿ ಉಸಿರು, ಪಾದದ ಮೇಲೆ ಆಗಾಗ ಒರಟು ನಾಲಿಗೆ, ಪ್ರಾಣ ಕೈಗೆ ತಂದುಕೊಂಡು ಆ ಕೈಗಳನ್ನೇ ಗಿರಣಿಯಂತೆ ತಿರುಗಿಸಿದ. ಗೋಕರ್ಣದ ಕಡಲಲ್ಲೂ ಯಾರೂ ಅಷ್ಟು ವೇಗದಲ್ಲಿ ಹೋಗಿರಲಾರರು.

ಪಂಪಮ್ಮ ಏರಿಯ ಮೇಲೆ ಓಡಿದಳು. ಊರೆಲ್ಲ ಓಡಿತು. ಅವರು ಹನುಮಪ್ಪನ ಗುಡಿ ಮುಟ್ಟುವಷ್ಟರಲ್ಲಿ ಹಲಗೆ ಕೆಸರಿಗೆ ನುಗ್ಗಿ ನಿಂತಾಗಿತ್ತು. ಜಂಬಣ್ಣ ಕಣ್ಣು ಮುಚ್ಚಿಕೊಂಡು ಇನ್ನೂ ಕೈ ಬೀಸುತ್ತಿದ್ದ. ಎರಡೂ ಕಡೆ ಕೆಸರು ಹಾರುತ್ತಿತ್ತು. ಲಚ್ಚಿ ಸಮಾಧಾನವಾಗಿ ಅಂಚು ನೆಕ್ಕುತ್ತಿದ್ದಳು.

ಪಂಪಮ್ಮ ಅವನ ಭುಜ ಹಿಡಿದು ಅಲುಗಿಸಿದಳು. “ದಂಡಿ ಬಂದೈತ್ರೀ. ನಿಲ್ಲಸ್ರಿ.”

“ಎಮ್ಮಿ ಹೋತೇನು?”

“ಇಲ್ಲೇ ಐತಿ.”

ಜಂಬಣ್ಣ ಮತ್ತೆ ಎರಡು ಸಲ ಕೈ ಬೀಸಿದ. ಆಕೆ ಅಲ್ಲೇ ಕೆಸರಿನಲ್ಲಿ ಕೂತುಬಿಟ್ಟಳು. ನಗು ಬಂತು, ಅದರ ಹಿಂದೆಯೇ ಅಳು ಬಂತು, ಅಳುವಿಗೂ ನಗು ಬಂತು. ಸೆರಗಿನಿಂದ ಮೊದಲು ಅವನ ಮುಖ ಒರೆಸಿದಳು, ಆಮೇಲೆ ತನ್ನದು. ನಿನ್ನೆಯಿಂದ ಎದೆಯಲ್ಲಿ ಕುಟ್ಟುತ್ತಿದ್ದ ಒನಕೆ ಯಾವಾಗ ನಿಂತಿತೋ ತಿಳಿಯಲಿಲ್ಲ.

ಸಾಬರು ಮಾಳಿಂಗರಾಯನ ತೋಳು ಹಿಡಿದು ಮೆಲ್ಲಗೆ ಬಂದು ಮುಟ್ಟಿದಾಗ ಜಂಬಣ್ಣ ಹೊಟ್ಟೆಯ ನೀರು ಕಾರುತ್ತಿದ್ದ. ಸಾಬರು ಅವನ ಬೆನ್ನು ಸವರಿದರು. “ಡಾಕ್ಟರು ನನಗ ನೀರು ಅಳದು ಕುಡಿ ಅಂದಾರ. ಹಂಗಂತ ನನ್ನ ಪಾಲಿಂದೂ ನೀನ ಕುಡಿಯಬೇಕೇನು?”

ಇಷ್ಟಾದಮೇಲೆ ಆದಪ್ಪ ತಕರಾರು ತೆಗೆದ. ದಾಟಿದ್ದು ಜಂಬಣ್ಣನಲ್ಲ, ಎಮ್ಮೆ ನೂಕಿದೆ, ಇಡೀ ಊರು ನೋಡಿದೆ ಎಂದ. ನೂಕಿಲ್ಲ, ನೆಕ್ಕಿದೆ ಎಂದ ಮಾಳಿಂಗರಾಯ. ಕೈ ಬೀಸಿದ್ದು ಯಾರು ಎಂದರು ಕೆಲವರು. ಬೀಸುವ ಹಾಗೆ ಮಾಡಿದ್ದು ಯಾರು ಎಂದರು ಕೆಲವರು. ಗದ್ದಲ ಏರಿತು. ಪಂಪಮ್ಮ ಗುಲ್ಷನ್‌ಬೀಯ ಮುಖ ನೋಡಿದಳು. ಆಕೆ ನೆಲ ನೋಡುತ್ತಿದ್ದಳು.

ಗ್ಯಾನಮ್ಮ ಕೋಲೂರಿಕೊಂಡು ಎಲ್ಲರಿಗಿಂತ ಹಿಂದೆ ಬಂದು ತಲುಪಿದಳು. ವಾದ ಎಲ್ಲ ಕೇಳಿದಳು. ಮಗನಿಗೆ ಹೇಳಿದಳು:

“ಏ ಆದ್ಯಾ, ಎಮ್ಮಿ ಮನುಷ್ಯಾ ಏನು? ನೀ ಚಹಾದಂಗಡ್ಯಾಗ ಅಂದಿದ್ದು ಊರೆಲ್ಲಾ ಕೇಳೈತಿ. ನರಮನುಷ್ಯಾ ನೂಕಬಾರದು ಅಂದಿದ್ದಿ. ಒಬ್ಬ ಮನುಷ್ಯಾ ಕೈ ಹಚ್ಚಿಲ್ಲ. ಮ್ಯಾಲೆ, ತನ್ನ ದನ ತನಗ ಜೊತಿ ಕೊಟ್ರ ಅದನ್ನ ತಪ್ಪು ಅನ್ನಾವ ಒಕ್ಕಲಿಗ ಏನು ನೀನು? ಕೋಳಿಗೆ ನಾ ಬುಟ್ಟಿ ನೋಡ್ತೀನಿ. ಕೀಲಿ ಕೊಡು.”

ಆದಪ್ಪ ತಾಯಿಯನ್ನು ನೋಡಿದ, ಎಮ್ಮೆಯನ್ನು ನೋಡಿದ, ಕೆಸರಿನ ಮುದ್ದೆಯಂತೆ ಕೂತಿದ್ದ ಜಂಬಣ್ಣನನ್ನು ನೋಡಿದ. ಅವನಿಗೂ ನಗು ತಡೆಯಲಾಗಲಿಲ್ಲ. ಕೊಡುವುದೇ ಆದರೆ ಗೆದ್ದವರಿಗೆ ಕೊಡುತ್ತೇನೆಂದು ವ್ಯಾನಿನ ಕೀಲಿಯನ್ನು ದಾರದ ಸಮೇತ ಲಚ್ಚಿಯ ಕೊಂಬಿಗೆ ಹಾಕಿದ. ಡೀಸೆಲ್ಲೂ ಓಡಿಸುವ ಆಳೂ ತನ್ನವೇ ಎಂದು ಯಾರೂ ಕೇಳದೆಯೇ ಸೇರಿಸಿದ. ಗುಲ್ಷನ್‌ಬೀ ಮುಂದೆ ಬಂದು, ಕೀಲಿ ಬಿಚ್ಚುವ ಮೊದಲು, ಲಚ್ಚಿಯ ಹಣೆಯನ್ನು ಎರಡೂ ಕೈಯಿಂದ ಸವರಿ ನೆಟಿಕೆ ಮುರಿದು ದೃಷ್ಟಿ ತೆಗೆದಳು.

ಮೊದಲ ದಿನ ವ್ಯಾನು ಹೊರಟಾಗ ಒಳಗೆ ಇನ್ನೂ ಕೋಳಿಯ ವಾಸನೆ ಇತ್ತು. ಸೀಟಿನ ಕೆಳಗೆ ಸಿಕ್ಕ ಮೊಟ್ಟೆಗಳನ್ನು ಗುಲ್ಷನ್‌ಬೀ ಗ್ಯಾನಮ್ಮನಿಗೆ ಮುಟ್ಟಿಸಿ ಹೋದಳು. ಮಧ್ಯಾಹ್ನ ವ್ಯಾನು ತಿರುಗಿ ಬಂತು. ಪಂಪಮ್ಮ ಅಂಗಡಿಯ ಬಾಗಿಲಲ್ಲಿ ನಿಂತು ನೋಡಿದಳು. ಸಾಬರು ದಾರಿಯುದ್ದಕ್ಕೂ ಕಾಲು ಚಾಚಿ ನಿದ್ದೆ ಮಾಡಿದ್ದರಂತೆ. ಯಾರ ಕೈಯನ್ನೂ ಹಿಡಿಯದೆ ಇಳಿದರು. ಚೀಲದ ಮೇಲೆ ಕುಸಿಯಲಿಲ್ಲ. ತಮ್ಮ ಅಂಗಡಿಯ ಶಟರ್ ಅರ್ಧ ಎತ್ತಿ, ಯಂತ್ರದ ಮೇಲಿನ ಧೂಳು ಊದಿದರು.

ಇನ್ನು ಜಂಬಣ್ಣ. ಆತ ತನ್ನ ಸಾಹಸದ ಕತೆಯನ್ನು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಹೇಳಲು ಸಿದ್ಧನಾಗಿಯೇ ಇದ್ದ. ಕೇಳುವವರಿಗೂ ಬರವಿರಲಿಲ್ಲ. ಪಾಮನಕಲ್ಲೂರಿನಿಂದ, ಮಸ್ಕಿಯಿಂದ ಮಂದಿ ಬಂದರು. ಬಂದವರೆಲ್ಲ ಅಂಗಡಿಯಲ್ಲಿ ಎಲೆಅಡಿಕೆ ತೆಗೆದುಕೊಂಡು, ಕೆರೆ ದಾಟಿದ ಎಮ್ಮೆ ಎಲ್ಲಿದೆ ಎಂದು ಕೇಳಿದರು. ಮಾಸುಂಬಿ ಸಕ್ಕರೆ ಕಟ್ಟಿಸಿಕೊಂಡು, ಲಚ್ಚಿಗೆ ನೆಗಡಿ ಗಿಗಡಿ ಆಗಿಲ್ಲ ತಾನೇ ಎಂದು ವಿಚಾರಿಸಿ ಹೋದಳು. ಜಂಬಣ್ಣನಿಗೆ ಆಗಿದ್ದ ನೆಗಡಿಯನ್ನು ಯಾರೂ ಕೇಳಲಿಲ್ಲ. ಆತ ಅವತ್ತು ಅಂಗಡಿಯನ್ನು ಬೇಗ ಮುಚ್ಚಿದ.

ಸಂಜೆ ಪಂಪಮ್ಮ ಒಲೆಯ ಮುಂದೆ ಹಿಟ್ಟು ನಾದುತ್ತಿದ್ದಾಗ ಹಿತ್ತಲಲ್ಲಿ ಬಕೆಟ್ಟಿನ ಸದ್ದಾಯಿತು. ಇಣುಕಿ ನೋಡಿದಳು. ಮೋನಪ್ಪನ ಹಲಗೆ ಈಗ ಲಚ್ಚಿಯ ಗೋದಲಿಗೆ ಅಡ್ಡವಾಗಿ ನಿಂತಿತ್ತು. ಅದರ ಈಚೆ ಜಂಬಣ್ಣ, ಪಂಚೆ ಮೇಲಕ್ಕೆ ಕಟ್ಟಿ, ನೆನೆಸಿದ ಹಿಂಡಿಯ ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಲಚ್ಚಿ ಕತ್ತು ಚಾಚಿ ಅವನ ಎಣ್ಣೆ ಹಚ್ಚಿದ ತಲೆಯನ್ನು ನೆಕ್ಕಲು ನೋಡುತ್ತಿದ್ದಳು. ಆತ ತಲೆ ತಪ್ಪಿಸುತ್ತಿದ್ದ, ಆದರೆ ಎದ್ದು ಓಡಲಿಲ್ಲ.

“ಎಮ್ಮಿ ಹಂತ್ಯಾಕ ಹೋಗೋ ಮನುಷ್ಯಾನೇ ಅಲ್ಲ ಅಂದಿದ್ರಿ?” ಎಂದಳು ಪಂಪಮ್ಮ.

“ನಾ ಹೋಗಿಲ್ಲ” ಎಂದ ಜಂಬಣ್ಣ, ತಲೆ ಎತ್ತದೆ. “ಅಕೀನೇ ನನ್ನ ಹಂತ್ಯಾಕ ಬಂದ್ಲು.”

ಪಂಪಮ್ಮ ನಗುತ್ತ ಒಳಗೆ ಹೋಗಿ ಹಂಚು ಕಾಯಲಿಟ್ಟಳು. ಹೊರಗೆ ಜಂಬಣ್ಣ ಎರಡೂ ತೋಳು ಮಡಚಿ ಬಕೆಟ್ಟಿಗೆ ಇಳಿಸಿ, ಒಂದರ ಹಿಂದೊಂದು ಕೈ ಬೀಸುತ್ತ, ಹಿಂಡಿ ಕಲಸತೊಡಗಿದ.